ಮಾದಕ ವಸ್ತು ಕೇಸು: ತಿಳಿದುಕೊಳ್ಳುವುದು, ಎದುರಿಸುವುದು

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಂಘದವರು ಫೋನ್ ಮಾಡಿದಾಗ, "ನೀನು ಬಿಇ ಓದಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೀಯ, ಆ ಕ್ಷೇತ್ರದ ಅವಕಾಶಗಳ ಬಗ್ಗೆ ಮಕ್ಕಳಿಗೆ ಮಾತಾಡು" ಎಂದಿದ್ದರು. ಅದನ್ನು ನನಗಿಂತ ಚೆನ್ನಾಗಿ ಹೇಳುವವರು ಯೂಟ್ಯೂಬಿನಲ್ಲಿ ಸಾವಿರ ಜನ ಇದ್ದಾರೆ. ನಾನು ಬೇರೆ ವಿಷಯ ಕೇಳಿಕೊಂಡೆ. ಸುವರ್ಣ ಮಹೋತ್ಸವದ ವೇದಿಕೆಯಲ್ಲಿ ಗಾಂಜಾ ಕೇಸಿನ ಮಾತು ಬೇಕಾ ಎಂದು ಸಮಿತಿಯಲ್ಲಿ ಒಂದಿಬ್ಬರು ಹಿಂದೆಮುಂದೆ ನೋಡಿದರಂತೆ. ಬೇಕು ಎಂದು ಹಟ ಹಿಡಿದವರು ನಮ್ಮ ಮುಖ್ಯೋಪಾಧ್ಯಾಯರು. ಅವರಿಗೆ ಮೊದಲ ಕೃತಜ್ಞತೆ.

ನಾನು ವಕೀಲನಲ್ಲ. ಈ ಕಾಯ್ದೆಯನ್ನು ನಾನು ಓದಿದ್ದು ಮನೆಯ ಹುಡುಗನೊಬ್ಬ ಅದರಲ್ಲಿ ಸಿಕ್ಕಿಕೊಂಡ ಮೇಲೆ. ಅವನು ನನ್ನ ಚಿಕ್ಕಪ್ಪನ ಮಗ, ನನಗೆ ತಮ್ಮ. ಇಲ್ಲಿ ಮಾತಾಡುತ್ತೇನೆ ಎಂದಾಗ, "ಹೇಳಣ್ಣ, ನನ್ನ ಹೆಸರು ಮಾತ್ರ ಹೇಳಬೇಡ" ಎಂದ. ಆಗ ಅವನು ಇಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದ. ನಾಲ್ಕು ಹುಡುಗರು ಸೇರಿ ಒಂದು ಮನೆ ಬಾಡಿಗೆಗೆ ಹಿಡಿದಿದ್ದರು. ಅವರಲ್ಲಿ ಒಬ್ಬನನ್ನು ಪೊಲೀಸರು ರಸ್ತೆಯಲ್ಲಿ ಹಿಡಿದು, ಅವನನ್ನು ಕರೆದುಕೊಂಡು ಮನೆಗೆ ಬಂದರು. ಹಾಲಿನಲ್ಲಿದ್ದ ಎಲ್ಲರ ಬೀರುವಿನಲ್ಲಿ ಬಟ್ಟೆ ಚೀಲವೊಂದು ಸಿಕ್ಕಿತು. ಒಳಗೆ ಗಾಂಜಾ. ಮನೆಯಲ್ಲಿದ್ದ ಮೂವರನ್ನೂ ಸೇರಿಸಿ ನಾಲ್ವರ ಮೇಲೂ ಕೇಸಾಯಿತು.

ತಮ್ಮ ಅದನ್ನು ಸೇದಿದ್ದನೇ? ಒಂದೆರಡು ಸಲ ಸೇದಿದ್ದ. ಚೀಲ ಅವನದೇ? ಅಲ್ಲ. ಈ ಎರಡೂ ಉತ್ತರಗಳನ್ನು ಮೊದಲ ದಿನವೇ ವಕೀಲರಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆವು. ಚಿಕ್ಕಮ್ಮ ಮಾತ್ರ "ನಮ್ಮ ಹುಡುಗ ಸಿಗರೇಟನ್ನೂ ಮುಟ್ಟಿದವನಲ್ಲ ಅಂತ ಹೇಳಿಬಿಡೋಣ" ಎಂದು ಅಳುತ್ತಿದ್ದರು. ಆ ವಕೀಲರು ಹೇಳಿದ ಮಾತು ನನಗೆ ಇಂದಿಗೂ ನೆನಪಿದೆ: "ಅಮ್ಮಾ, ಡಾಕ್ಟರ ಹತ್ತಿರ ಕಾಯಿಲೆ ಮುಚ್ಚಿಡುತ್ತೀರಾ?"

ಈಗ ಕಾಯ್ದೆಗೆ ಬರೋಣ. ಹೆಸರು ಉದ್ದವಿದೆ, ಎನ್‌ಡಿಪಿಎಸ್ ಎನ್ನುತ್ತಾರೆ. 1985ರಲ್ಲಿ ಬಂದದ್ದು, ಇಡೀ ದೇಶಕ್ಕೆ ಒಂದೇ. ಇದರಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ತೂಕ. ಯಾವ ವಸ್ತು, ಎಷ್ಟು ತೂಕ ಎಂಬುದರ ಮೇಲೆ ಶಿಕ್ಷೆ, ಜಾಮೀನು, ಉಳಿದೆಲ್ಲ ನಿಂತಿದೆ. ಸರ್ಕಾರದ ಪಟ್ಟಿಯಲ್ಲಿ ಪ್ರತಿಯೊಂದು ವಸ್ತುವಿಗೂ 'ಅಲ್ಪ ಪ್ರಮಾಣ', 'ವಾಣಿಜ್ಯ ಪ್ರಮಾಣ' ಎಂದು ಎರಡು ಗೆರೆಗಳಿವೆ. ಗಾಂಜಾಕ್ಕೆ ಒಂದು ಕಿಲೋ ಮತ್ತು ಇಪ್ಪತ್ತು ಕಿಲೋ. ಚರಸ್‌ಗೆ 100 ಗ್ರಾಂ ಮತ್ತು ಒಂದು ಕಿಲೋ. ಹೆರಾಯಿನ್‌ಗೆ 5 ಗ್ರಾಂ ಮತ್ತು 250 ಗ್ರಾಂ. ಈಗ ನಗರದ ಹುಡುಗರ ಬಾಯಲ್ಲಿ ಓಡಾಡುವ ಎಂಡಿಎಂಎ ಇದೆಯಲ್ಲ, ಅದಕ್ಕೆ ಅರ್ಧ ಗ್ರಾಂ ಮತ್ತು 10 ಗ್ರಾಂ. ಹತ್ತು ಗ್ರಾಂ ಎಂದರೆ ಎರಡು ಚಮಚ ಸಕ್ಕರೆಯಷ್ಟು. ಅಷ್ಟು ಪುಡಿ ಜೇಬಿನಲ್ಲಿದ್ದರೆ ಕಾನೂನಿನ ಲೆಕ್ಕದಲ್ಲಿ ಅದು ಇಪ್ಪತ್ತು ಕಿಲೋ ಗಾಂಜಾ ಮೂಟೆಗೆ ಸಮ. ಅದರಲ್ಲಿ ಮುಕ್ಕಾಲು ಪಾಲು ಬೇರೆ ಪುಡಿ ಬೆರೆಸಿದ್ದಾರೆ ಎಂದು ವಾದಿಸಿ ಪ್ರಯೋಜನವಿಲ್ಲ. ಬೆರಕೆಯ ಪೂರ್ತಿ ತೂಕವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಗಾಂಜಾದ ಶಿಕ್ಷೆ ಹೀಗಿದೆ. ಕೆಳಗಿನ ಗೆರೆಯ ಒಳಗಿದ್ದರೆ ಒಂದು ವರ್ಷದವರೆಗೆ ಕಠಿಣ ಸಜೆ, ಇಲ್ಲವೇ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ನಡುವೆ ಇದ್ದರೆ ಹತ್ತು ವರ್ಷದವರೆಗೆ ಸಜೆ, ಒಂದು ಲಕ್ಷದವರೆಗೆ ದಂಡ. ಮೇಲಿನ ಗೆರೆ ದಾಟಿದರೆ ಕನಿಷ್ಠವೇ ಹತ್ತು ವರ್ಷ, ಇಪ್ಪತ್ತು ವರ್ಷದವರೆಗೂ ಹೋಗಬಹುದು. 'ಮೊದಲ ತಪ್ಪು, ಚಿಕ್ಕ ಹುಡುಗ' ಎಂದು ನ್ಯಾಯಾಧೀಶರಿಗೆ ಕನಿಕರ ಬಂದರೂ ಹತ್ತು ವರ್ಷಕ್ಕಿಂತ ಕಡಿಮೆ ಕೊಡುವಂತಿಲ್ಲ.

ಜಾಮೀನಿಗೂ ಇದೇ ಗೆರೆ. ವಾಣಿಜ್ಯ ಪ್ರಮಾಣವಾದರೆ 37ನೇ ಕಲಂ ಅಡ್ಡ ಬರುತ್ತದೆ. ಆರೋಪಿ ತಪ್ಪಿತಸ್ಥನಲ್ಲ ಎಂದು ನಂಬಲು ಕಾರಣವಿದೆ, ಹೊರಗೆ ಬಂದರೆ ಮತ್ತೆ ಅಪರಾಧ ಮಾಡುವುದಿಲ್ಲ ಎಂದು ನ್ಯಾಯಾಲಯಕ್ಕೆ ಮನವರಿಕೆಯಾಗಬೇಕು. ವಿಚಾರಣೆಯೇ ಆಗದೆ ಅದನ್ನು ತೋರಿಸುವುದು ಎಷ್ಟು ಕಷ್ಟ ಯೋಚಿಸಿ. ವರ್ಷಗಟ್ಟಲೆ ಒಳಗಿರುವವರು ಬಹಳ ಮಂದಿ ಈ ಕಲಮಿನ ಕಾರಣಕ್ಕೆ ಇದ್ದಾರೆ. ಇದು ಒಳ್ಳೆಯ ಕಾನೂನೇ ಎಂದು ನನ್ನನ್ನು ಕೇಳಿದರೆ, ದಂಧೆಯ ದೊಡ್ಡವರು ತಪ್ಪಿಸಿಕೊಂಡು, ಚೀಲ ಹೊತ್ತ ಬಡ ಹುಡುಗ ಹೆಚ್ಚು ಸಿಕ್ಕಿಬೀಳುತ್ತಾನೆ ಎಂಬುದು ಕೋರ್ಟಿನ ಕಾರಿಡಾರಿನಲ್ಲಿ ಕೂತು ನಾನು ಕಂಡ ಸತ್ಯ.

ತಮ್ಮನ ಕೇಸಿನಲ್ಲಿ ಮಹಜರಿನಲ್ಲಿ ಬರೆದ ತೂಕ ಒಂದು ಕಿಲೋ 140 ಗ್ರಾಂ. ಪ್ರೋಗ್ರಾಂ ಬರೆಯುವ ನಮಗೆ ಗೆರೆಯ ಅಂಚಿನಲ್ಲಿ ಬರುವ ಸಂಖ್ಯೆ ಕಂಡರೆ ಮೈಯೆಲ್ಲ ಕಣ್ಣಾಗುತ್ತದೆ. ಚಾರ್ಜ್‌ಶೀಟಿನ ಪ್ರತಿ ಸಿಕ್ಕ ರಾತ್ರಿ ಕುಳಿತು ಮಹಜರನ್ನು ಸಾಲುಸಾಲಾಗಿ ಓದಿದೆ. "ಬಟ್ಟೆ ಚೀಲದ ಸಮೇತ ತೂಕ ಮಾಡಲಾಗಿ" ಎಂದಿತ್ತು! ಚೀಲ, ಒಳಗಿನ ಪ್ಲಾಸ್ಟಿಕ್ ಕವರ್, ಸುತ್ತಿದ್ದ ಪೇಪರ್ ಎಲ್ಲ ಕಳೆದರೆ ನಿವ್ವಳ ಎಷ್ಟು ಎಂದು ಯಾರೂ ಬರೆದಿರಲಿಲ್ಲ. ಇನ್ನೊಂದು ಸಂಗತಿ. ಕಾಯ್ದೆಯ ಪ್ರಕಾರ ಗಾಂಜಾ ಎಂದರೆ ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿ. ತುದಿಯ ಜೊತೆ ಇಲ್ಲದ ಬರೀ ಎಲೆ, ಬರೀ ಬೀಜ ಆ ವ್ಯಾಖ್ಯೆಯಲ್ಲಿ ಬರುವುದಿಲ್ಲ. ಎಲೆಯಿಂದ ಮಾಡುವ ಭಾಂಗ್ ಈ ಕಾಯ್ದೆಯಡಿ ನಿಷೇಧಿತವಲ್ಲ ಎಂದು 2022ರಲ್ಲಿ ನಮ್ಮ ಹೈಕೋರ್ಟ್ ಒಂದು ಜಾಮೀನು ಆದೇಶದಲ್ಲಿ ಹೇಳಿದ್ದೂ ಈ ಕಾರಣಕ್ಕೇ. ಚೀಲದಲ್ಲಿದ್ದದ್ದು ಏನು, ಎಷ್ಟು ತುದಿ, ಎಷ್ಟು ಕಡ್ಡಿ ಎಂಬುದು ಹತ್ತು ವರ್ಷಕ್ಕೂ ಒಂದು ವರ್ಷಕ್ಕೂ ಇರುವ ವ್ಯತ್ಯಾಸ. ಇದನ್ನೆಲ್ಲ ನಮ್ಮ ವಕೀಲರು ಪಾಟೀಸವಾಲಿನಲ್ಲಿ ಕೇಳಿದರು.

ಹಿಡಿದ ಹೊತ್ತಿನಲ್ಲಿ ಏನು ನಡೆಯಬೇಕು ಎಂಬುದು ನಮ್ಮ ಜನಕ್ಕೆ ಗೊತ್ತೇ ಇಲ್ಲ. ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ನಿಮ್ಮ ಮೈಮೇಲೆ, ಅಂದರೆ ಜೇಬು ಬಟ್ಟೆಗಳನ್ನು ತಪಾಸಣೆ ಮಾಡುವ ಮೊದಲು, "ಪತ್ರಾಂಕಿತ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಎದುರಿಗೆ ತಪಾಸಣೆ ಮಾಡಿಸಿಕೊಳ್ಳುವ ಹಕ್ಕು ನಿಮಗಿದೆ" ಎಂದು ಅವರು ತಿಳಿಸಬೇಕು. ಇದು 50ನೇ ಕಲಂ. ಸುಮ್ಮನೆ ಒಂದು ಫಾರಂ ತುಂಬಿಸಿಕೊಂಡರೆ ಸಾಲದು, ಹಕ್ಕಿದೆ ಎಂಬುದನ್ನು ನಿಜವಾಗಿ ತಿಳಿಸಬೇಕು ಎಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2010ರಲ್ಲಿ ಸ್ಪಷ್ಟವಾಗಿ ಹೇಳಿದೆ. ಹೆಂಗಸರನ್ನು ಹೆಂಗಸರೇ ತಪಾಸಣೆ ಮಾಡಬೇಕು. ಆದರೆ ಈ ಹಕ್ಕು ಮೈಮೇಲಿನ ತಪಾಸಣೆಗೆ ಮಾತ್ರ. ಕೈಯಲ್ಲಿನ ಬ್ಯಾಗು, ಬೈಕಿನ ಡಿಕ್ಕಿ, ಮನೆಯ ಬೀರುವಿಗೆ ಅದು ಅನ್ವಯಿಸುವುದಿಲ್ಲ. ಕೋರ್ಟಿನ ಹೊರಗಿನ ಟೀ ಅಂಗಡಿಯಲ್ಲಿ "ಐವತ್ತು ಮಾಡಿಲ್ಲ, ಕೇಸು ಬಿದ್ದೇ ಹೋಗುತ್ತೆ" ಎಂದು ಧೈರ್ಯ ಹೇಳುವವರು ಬಹಳ ಮಂದಿ ಸಿಗುತ್ತಾರೆ. ನಂಬಬೇಡಿ.

ಮನೆಗೆ ನುಗ್ಗುವುದಾದರೆ 42ನೇ ಕಲಂ. ಸಿಕ್ಕ ಮಾಹಿತಿಯನ್ನು ಅಧಿಕಾರಿ ಬರವಣಿಗೆಯಲ್ಲಿ ಇಡಬೇಕು, ಎಪ್ಪತ್ತೆರಡು ಗಂಟೆಯೊಳಗೆ ಮೇಲಧಿಕಾರಿಗೆ ಪ್ರತಿ ಕಳಿಸಬೇಕು. ಸೂರ್ಯ ಮುಳುಗಿದ ಮೇಲೆ ವಾರಂಟ್ ಇಲ್ಲದೆ ಒಳಗೆ ಬಂದರೆ ಅದಕ್ಕೆ ಕಾರಣ ಬರೆದಿರಬೇಕು. ವಶಪಡಿಸಿಕೊಂಡ ಮಾಲಿನ ಮಾದರಿಯನ್ನು ಮ್ಯಾಜಿಸ್ಟ್ರೇಟರ ಸಮ್ಮುಖದಲ್ಲಿ ತೆಗೆಯಬೇಕು ಎನ್ನುವುದು 52ಎ. ಠಾಣೆಯಲ್ಲೇ ತೆಗೆದು ಕಳಿಸುವ ಹಳೆಯ ರೂಢಿ ಸರಿಯಲ್ಲ ಎಂದು 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹಾಗೆಂದು 52ಎ ಪಾಲಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಆರೋಪಿ ಖುಲಾಸೆಯಾಗುವುದಿಲ್ಲ, ಉಳಿದ ಸಾಕ್ಷ್ಯವನ್ನೂ ನೋಡಬೇಕು ಎಂದು 2025ರಲ್ಲಿ ಅದೇ ಕೋರ್ಟ್ ಹೇಳಿದೆ. 2024ರ ಜುಲೈ 1ರಿಂದ ಬಂದ ಹೊಸ ಸಂಹಿತೆಯ ಪ್ರಕಾರ ತಪಾಸಣೆ, ಜಪ್ತಿಯನ್ನು ವಿಡಿಯೋ ಮಾಡಬೇಕು. ವಿಡಿಯೋ ಎಲ್ಲಿದೆ ಎಂದು ಕೇಳುವುದು ಈಗ ವಕೀಲರ ಮೊದಲ ಪ್ರಶ್ನೆಗಳಲ್ಲಿ ಒಂದು.

ಬಂಧಿಸಿದರೆ ಏಕೆ ಬಂಧಿಸಿದ್ದೇವೆ ಎಂದು ಹೇಳಬೇಕು, ಮನೆಯವರಿಗೆ ತಿಳಿಸಬೇಕು, ಪ್ರಯಾಣದ ಸಮಯ ಬಿಟ್ಟು ಇಪ್ಪತ್ತನಾಲ್ಕು ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ವಕೀಲರನ್ನು ಕಾಣುವ ಹಕ್ಕಿದೆ. ಇವು ಸಂವಿಧಾನದ 22ನೇ ವಿಧಿಯಿಂದ ಬಂದವು. ನಮ್ಮ ಸಮಾಜ ವಿಜ್ಞಾನದ ಮೇಷ್ಟ್ರು ಇದೇ ಕೊಠಡಿಯಲ್ಲಿ ಇದನ್ನು ಪಾಠ ಮಾಡಿದ್ದರು. ಆಗ ನಾವು ಎರಡು ಅಂಕದ ಪ್ರಶ್ನೆ ಎಂದು ಓದಿದ್ದೆವು. ಹಾಗೆಯೇ ಖಾಲಿ ಹಾಳೆಗೆ, ಓದಲು ಬಿಡದ ಹಾಳೆಗೆ ಸಹಿ ಹಾಕಬೇಡಿ. ಜಗಳವಾಡಬೇಡಿ, ಓಡಬೇಡಿ, ಸುಳ್ಳು ಕಥೆ ಕಟ್ಟಬೇಡಿ. "ವಕೀಲರ ಜೊತೆ ಮಾತಾಡಿ ಹೇಳುತ್ತೇನೆ ಸಾರ್" ಎಂದು ಮರ್ಯಾದೆಯಿಂದ ಹೇಳಿದರೆ ಅದು ಅಪರಾಧವಲ್ಲ. ಹೆದರಿಸಿ ತಪ್ಪೊಪ್ಪಿಗೆ ಬರೆಸಿಕೊಂಡಿದ್ದರೂ ಎದೆಗುಂದಬೇಡಿ. ಈ ಕಾಯ್ದೆಯ ತನಿಖಾಧಿಕಾರಿಗಳ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಸಾಕ್ಷ್ಯವಾಗಿ ಬಳಸುವಂತಿಲ್ಲ ಎಂದು 2020ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದೆ.

ಠಾಣೆಯ ಗೇಟಿನ ಹತ್ತಿರ ಚಿಕ್ಕಪ್ಪನಿಗೆ ಒಬ್ಬ ಗಂಟುಬಿದ್ದ. ಮೂರು ಲಕ್ಷ ಕೊಟ್ಟರೆ ಹೆಸರು ತೆಗೆಸುತ್ತೇನೆ ಎಂದ. ಚಿಕ್ಕಪ್ಪ ಅಡಿಕೆ ವ್ಯಾಪಾರಿಯ ಹತ್ತಿರ ಮುಂಗಡಕ್ಕೆ ಮಾತಾಡಿಯೂ ಬಿಟ್ಟಿದ್ದರು. ನಾನು ಹೋಗಿ ತಡೆದೆ. ಎಫ್‌ಐಆರ್ ಆಗಿ ನ್ಯಾಯಾಲಯಕ್ಕೆ ತಲುಪಿದ ಮೇಲೆ ಹೆಸರು ತೆಗೆಸುವುದು ಗೇಟಿನ ಹತ್ತಿರ ನಿಂತವರ ಕೈಯಲ್ಲಿ ಇರುವುದಿಲ್ಲ. ಹಣವಿಲ್ಲದವರಿಗೆ ಕಾನೂನು ಸೇವಾ ಪ್ರಾಧಿಕಾರವಿದೆ. ಬಂಧನದಲ್ಲಿರುವ ಯಾರಿಗೇ ಆಗಲಿ ಉಚಿತ ವಕೀಲರು ಸಿಗುತ್ತಾರೆ, ಆದಾಯದ ಪ್ರಶ್ನೆ ಅಲ್ಲಿಲ್ಲ. ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೂ ಹಾಗೆಯೇ. ತಾಲ್ಲೂಕು ನ್ಯಾಯಾಲಯದಲ್ಲಿಯೇ ಸಮಿತಿಯ ಕಚೇರಿ ಇರುತ್ತದೆ. ಫೋನ್ ಸಂಖ್ಯೆ 15100.

ತಮ್ಮ ಇಪ್ಪತ್ತಾರು ದಿನ ಒಳಗಿದ್ದ. ನಡುವಿನ ಪ್ರಮಾಣವಾದ್ದರಿಂದ 37ನೇ ಕಲಮಿನ ಕಟ್ಟು ಇರಲಿಲ್ಲ, ಜಾಮೀನು ಸಿಕ್ಕಿತು. ಶ್ಯೂರಿಟಿಗೆ ಪಹಣಿ ಬೇಕಿತ್ತು. ನೆಂಟರಲ್ಲಿ ಯಾರೂ ಮುಂದೆ ಬರಲಿಲ್ಲ, 'ಗಾಂಜಾ ಕೇಸು' ಎಂಬ ಎರಡು ಪದ ಕೇಳಿದರೇ ಫೋನ್ ಇಡುತ್ತಿದ್ದರು. ಬಂದವನು ನಮ್ಮ ಬ್ಯಾಚಿನ ಗೆಳೆಯ. ಬೆಳಗಿನ ಜಾವದ ಬಸ್ಸು ಹತ್ತಿ, ಪಹಣಿ, ಆಧಾರ್ ಹಿಡಿದು ಬಂದು ಸಹಿ ಹಾಕಿ, ಸಂಜೆ ಹಾಲು ಕರೆಯಬೇಕು ಎಂದು ಹೊರಟುಹೋದ. ಈಗ ಇಲ್ಲೇ ಮೂರನೇ ಸಾಲಿನಲ್ಲಿದ್ದಾನೆ. ಹೆಸರು ಹೇಳಿದರೆ ಬೈಯುತ್ತಾನೆ.

ಮೂರು ವರ್ಷ ವಿಚಾರಣೆ ನಡೆಯಿತು. ಈ ಕಾಯ್ದೆಯಲ್ಲಿ ವಸ್ತು ನಿಮ್ಮ ವಶದಲ್ಲಿತ್ತು ಎಂದು ಅವರು ತೋರಿಸಿದರೆ, ನನಗೆ ಗೊತ್ತಿರಲಿಲ್ಲ ಎಂದು ರುಜುವಾತು ಮಾಡುವ ಹೊರೆ ನಿಮ್ಮ ಮೇಲೆ ಬೀಳುತ್ತದೆ. ಬೇರೆ ಕೇಸುಗಳಿಗಿಂತ ಇದು ತಿರುಗುಮುರುಗು. ಆದರೆ ಮೊದಲು 'ವಶದಲ್ಲಿತ್ತು' ಎಂಬುದನ್ನು ಅವರೇ ಸಂಶಯಕ್ಕೆ ಎಡೆಯಿಲ್ಲದಂತೆ ತೋರಿಸಬೇಕು. ನಾಲ್ವರು ಬಳಸುವ, ಬೀಗವಿಲ್ಲದ ಬೀರು ಯಾರ ವಶ? ಪಂಚರಲ್ಲಿ ಒಬ್ಬರು, ನಾನು ಆ ಮನೆಗೆ ಹೋಗೇ ಇಲ್ಲ, ಠಾಣೆಯಲ್ಲಿ ಸಹಿ ಹಾಕಿದೆ ಎಂದರು. ನಿವ್ವಳ ತೂಕದ ಪ್ರಶ್ನೆಗೆ ಉತ್ತರ ಬರಲಿಲ್ಲ. ತಮ್ಮನಿಗೆ ಖುಲಾಸೆಯಾಯಿತು. ಉಳಿದ ಹುಡುಗರ ವಿಷಯ ನಾನು ಹೇಳುವುದಿಲ್ಲ, ಅವರಿಗೂ ತಾಯಂದಿರಿದ್ದಾರೆ. ಖುಲಾಸೆ ಎಂದರೆ ಎಲ್ಲ ಮರಳಿ ಬಂತು ಎಂದಲ್ಲ. ಕ್ಯಾಂಪಸ್ ಸಂದರ್ಶನಗಳು ಹೋದವು, ಒಂದು ವರ್ಷ ಹಾಳಾಯಿತು. ಚಿಕ್ಕಪ್ಪ ಸಂತೆಗೆ ಹೋಗುವುದನ್ನೇ ಬಿಟ್ಟಿದ್ದರು.

ನನ್ನ ಕಸುಬಿಗೆ ಹತ್ತಿರದ ಒಂದು ಮಾತು. ಈಗ ಬಹಳ ಕೇಸುಗಳು ಮೊಬೈಲಿನಿಂದ ಶುರುವಾಗುತ್ತವೆ. ವಾಟ್ಸಾಪ್ ಗುಂಪಿನಲ್ಲಿ 'ಮಾಲು ಬೇಕಾ' ಎಂದು ಯಾರೋ ಹಾಕಿದ್ದಕ್ಕೆ ನೀವು ತಮಾಷೆಗೆ ಹೆಬ್ಬೆರಳಿನ ಗುರುತು ಒತ್ತಿದ್ದರೂ ಅದರ ವಿವರಣೆ ಕೊಡಬೇಕಾದೀತು. ಗೆಳೆಯನಿಗಾಗಿ ಹಣ ಕಳಿಸಿದ ಯುಪಿಐ ದಾಖಲೆ ಅಳಿಸಿ ಹೋಗುವುದಿಲ್ಲ. ಇನ್ನೊಂದು ಕಡೆ, ಪೊಲೀಸರು ಫೋನನ್ನು ಶೋಧಿಸಲು ಸಾಮಾನ್ಯವಾಗಿ ನ್ಯಾಯಾಲಯದ ವಾರಂಟ್ ಬೇಕು, ತುರ್ತು ಸಂದರ್ಭವಾದರೆ ಕಾರಣ ಬರೆದಿಡಬೇಕು ಎಂದು 2021ರಲ್ಲಿ ನಮ್ಮ ಹೈಕೋರ್ಟ್ ಹೇಳಿದೆ. ಅದೂ ಬೆಂಗಳೂರಿನ ಒಂದು ಮಾದಕ ವಸ್ತು ಕೇಸಿನಲ್ಲಿಯೇ. ಫೋನಿನಿಂದ ತೆಗೆದ ಸಂದೇಶಗಳನ್ನು ಸಾಕ್ಷ್ಯವಾಗಿ ಇಡಲು ಪ್ರಮಾಣಪತ್ರ ಬೇಕು. ಹೊಸ ಸಾಕ್ಷ್ಯ ಕಾಯ್ದೆಯ ನಮೂನೆಯಲ್ಲಿ 'ಹ್ಯಾಶ್' ಎಂಬ ಸಂಖ್ಯೆಯನ್ನೂ ಕೇಳುತ್ತಾರೆ. ಹ್ಯಾಶ್ ಎಂದರೆ ಕಡತದ ಹೆಬ್ಬೆಟ್ಟಿನ ಗುರುತು ಎಂದುಕೊಳ್ಳಿ. ಕಡತದಲ್ಲಿ ಒಂದೇ ಒಂದು ಅಕ್ಷರ ಬದಲಾದರೂ ಆ ಸಂಖ್ಯೆ ಪೂರ್ತಿ ಬೇರೆಯಾಗುತ್ತದೆ. ಬರೀ ಸ್ಕ್ರೀನ್‌ಶಾಟ್ ಮುದ್ರಿಸಿ ತಂದರೆ ಅದು ಸಾಕ್ಷ್ಯವೇ ಎಂದು ವಕೀಲರು ಕೇಳಬೇಕಾದದ್ದು ಇಲ್ಲಿ.

ಇದಕ್ಕೆ ತಿರುಗಾದ ಮೋಸವೂ ಇದೆ. "ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಎಂಡಿಎಂಎ ಸಿಕ್ಕಿದೆ, ಮುಂಬೈ ಪೊಲೀಸರ ಜೊತೆ ಮಾತಾಡಿ" ಎಂದು ಫೋನ್ ಬರುತ್ತದೆ. ವಿಡಿಯೋದಲ್ಲಿ ಖಾಕಿ ಹಾಕಿದವನು ಕೂರುತ್ತಾನೆ, ಮನೆಯಿಂದ ಹೊರಗೆ ಹೋಗಬೇಡಿ, 'ಡಿಜಿಟಲ್ ಅರೆಸ್ಟ್' ಮಾಡಿದ್ದೇವೆ ಎನ್ನುತ್ತಾನೆ, ಕೊನೆಗೆ ಹಣ. ನಮ್ಮಂಥ ಸಾಫ್ಟ್‌ವೇರಿನವರೇ ಲಕ್ಷಗಟ್ಟಲೆ ಕಳೆದುಕೊಂಡಿದ್ದಾರೆ. ಅಂಥ ಬಂಧನ ಯಾವ ಕಾನೂನಿನಲ್ಲೂ ಇಲ್ಲ. ಫೋನ್ ಇಟ್ಟು 1930ಕ್ಕೆ ಕರೆ ಮಾಡಿ.

ತಮ್ಮ ತಂಗಿಯರೇ, ಹದಿನೆಂಟು ತುಂಬದ ನಿಮ್ಮನ್ನು ದೊಡ್ಡವರ ನ್ಯಾಯಾಲಯಕ್ಕಲ್ಲ, ಬಾಲ ನ್ಯಾಯ ಮಂಡಳಿಯ ಮುಂದೆ ಕರೆದುಕೊಂಡು ಹೋಗಬೇಕು. ಲಾಕಪ್ಪಿನಲ್ಲಿ ಇಡುವಂತಿಲ್ಲ. ದಂಧೆಯವರಿಗೂ ಇದು ಗೊತ್ತು, ಅದಕ್ಕೇ "ಈ ಕವರ್ ಬಸ್‌ಸ್ಟ್ಯಾಂಡಿನಲ್ಲಿ ಅಣ್ಣನಿಗೆ ಕೊಟ್ಟು ಬಾ, ಇನ್ನೂರು ರೂಪಾಯಿ ಕೊಡ್ತೀನಿ" ಎಂದು ನಿಮ್ಮನ್ನೇ ಹುಡುಕುತ್ತಾರೆ. ಮಕ್ಕಳ ಕೈಯಲ್ಲಿ ಹೀಗೆ ಸಾಗಿಸುವವನಿಗೆ ಬಾಲ ನ್ಯಾಯ ಕಾಯ್ದೆಯಲ್ಲಿ ಏಳು ವರ್ಷದವರೆಗೆ ಸಜೆ ಇದೆ. ಕೇಳಿದವನ ಹೆಸರನ್ನು ಮೇಷ್ಟ್ರಿಗೋ ಮೇಡಂಗೋ ಹೇಳಿ.

ಅಭ್ಯಾಸಕ್ಕೆ ಬಿದ್ದವರಿಗೂ ಕಾಯ್ದೆಯಲ್ಲಿ ಒಂದು ಬಾಗಿಲಿದೆ. 64ಎ ಕಲಂ ಪ್ರಕಾರ, ಸೇವನೆ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿಯೇ ಸರ್ಕಾರಿ ಅಥವಾ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಸೇರಿ ಅದನ್ನು ಪೂರೈಸಿದರೆ ಆ ಆರೋಪದಿಂದ ರಕ್ಷಣೆ ಸಿಗುತ್ತದೆ. ನಡುವೆ ಬಿಟ್ಟು ಬಂದರೆ ರಕ್ಷಣೆ ಹೋಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ವಿಭಾಗವಿದೆ. ಅಷ್ಟು ದೂರ ಹೋಗಲು ಆಗದವರಿಗೆ ವ್ಯಸನಮುಕ್ತಿಯ ಸಹಾಯವಾಣಿ 14446. ಮಗ ಸೇದುತ್ತಾನೆ ಎಂದು ಗೊತ್ತಾದ ತಂದೆ ಬೆಲ್ಟ್ ತೆಗೆಯುವ ಮೊದಲು ಆ ಸಂಖ್ಯೆ ಒತ್ತಲಿ.

ಭಾಷಣದ ಬಳಿಕ ಊರಿನ ಹಿರಿಯರೊಬ್ಬರು ಎದ್ದು ಕೇಳಿದ ಪ್ರಶ್ನೆಯನ್ನೂ ಸಂಚಿಕೆಗೆ ಸೇರಿಸಿ ಎಂದು ಸಂಪಾದಕರು ಹೇಳಿದ್ದಾರೆ. "ಹೊಲವನ್ನು ಹೊರಗಿನವರಿಗೆ ಶುಂಠಿ ಬೆಳೆಯಲು ಗುತ್ತಿಗೆ ಕೊಟ್ಟಿದ್ದೇನಪ್ಪ. ಅವರು ನಡುವೆ ಆ ಗಿಡ ಹಾಕಿದರೆ ನನ್ನನ್ನೂ ಹಿಡಿಯುತ್ತಾರಾ?" ಎಂದರು.

ನಾನು ಹೇಳಿದ್ದು ಇಷ್ಟು: ಗೊತ್ತಿದ್ದೂ ಬಿಟ್ಟಿದ್ದರೆ ಹಿಡಿಯುತ್ತಾರೆ ದೊಡ್ಡಪ್ಪ. ಒಂದೇ ಗಿಡ ಬೆಳೆದರೂ ಅದು ಸಾಗುವಳಿ, ಹತ್ತು ವರ್ಷದವರೆಗೆ ಸಜೆ ಇದೆ. ನೆಲದಲ್ಲಿ ಅಂಥ ಗಿಡ ಕಂಡರೆ ಕೂಡಲೇ ತಿಳಿಸಬೇಕು ಎಂದು 46ನೇ ಕಲಂ ನೆಲದವರ ಮೇಲೆ ಹೊಣೆ ಹಾಕಿದೆ. ಗುತ್ತಿಗೆಯನ್ನು ಬಾಯಿಮಾತಿನಲ್ಲಿ ಬಿಡದೆ ಕಾಗದ ಮಾಡಿಸಿ, ಯಾವ ಬೆಳೆ ಎಂದು ಬರೆಸಿ, ತಿಂಗಳಿಗೊಮ್ಮೆಯಾದರೂ ಹೊಲದ ನಡುವಿನವರೆಗೆ ನಡೆದು ಬನ್ನಿ. ಗಿಡ ಕಂಡರೆ ನೀವೇ ಕಿತ್ತು ಸುಡಲು ಹೋಗಬೇಡಿ, ಠಾಣೆಗೆ ಬರೆದು ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಅರ್ಜಿ ಬರೆಯಲು ಯಾರೂ ಸಿಗದಿದ್ದರೆ ಫೋನ್ ಮಾಡಿ, ಬರೆದು ಕಳಿಸುತ್ತೇನೆ.